ಕರೆಯೋರು ಯಾರು, ಕರೆಸಿಕೊಳ್ಳೋರು ಯಾರು?

ದೇವರನ್ನು ಬರಮಾಡಿಕೊಳ್ಳಲು ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ. ಒಂದು ಆವಾಹಿಸು, ಇನ್ನೊಂದು ಕರೆ. ಮೊದಲನೆಯದು ಗರ್ಭಗುಡಿಯದು, ಎರಡನೆಯದು ಬೀದಿಯದು. ಎರಡರ ಅರ್ಥವೂ ಒಂದೇ ಅಂತ ಶಾಲೆಯಲ್ಲಿ ಬರೆಸಿಬಿಡುತ್ತಾರೆ. ಒಂದೇ ಅಲ್ಲ. ಈ ಎರಡು ಮಾತುಗಳ ನಡುವಿನ ದೂರವೇ ನಮ್ಮ ಜನರ ಚರಿತ್ರೆ.

ಆವಾಹಿಸು ಸಂಸ್ಕೃತದಿಂದ ಬಂದದ್ದು. ಅದರ ಬೇರು 'ವಹ್', ಅಂದರೆ ಹೊರು, ಸಾಗಿಸು. ವಾಹನ, ಪ್ರವಾಹ, ವಿವಾಹ ಎಲ್ಲ ಅದೇ ಬೇರಿನ ಚಿಗುರುಗಳು. ಆಹ್ವಾನ ಮಾತ್ರ ಬೇರೆ. ಅದು ಕೂಗಿ ಕರೆಯುವ ಅರ್ಥದ 'ಹ್ವೇ' ಧಾತುವಿನಿಂದ ಹುಟ್ಟಿದ್ದು. ಆವಾಹನೆ ಎಂದರೆ ಇಲ್ಲಿಗೆ ತರಿಸುವುದು. ಷೋಡಶೋಪಚಾರದಲ್ಲಿ ಪುರೋಹಿತ ಮಂತ್ರ ಹೇಳಿ ದೇವರನ್ನು ಕಲಶಕ್ಕೋ ಮಣ್ಣಿನ ಗಣಪತಿಗೋ ತರಿಸುತ್ತಾನೆ, ಕೆಲಸ ಮುಗಿದ ಮೇಲೆ ವಿಸರ್ಜನೆ ಮಾಡಿ ಕಳಿಸುತ್ತಾನೆ. ಮಂತ್ರ ಗೊತ್ತಿಲ್ಲದವನು ತರಿಸುವ ಹಾಗಿಲ್ಲ. ಸರಿ, ಮಂತ್ರ ಕಲಿಯೋಣ ಅಂದರೆ? ಬೇಕೆಂದು ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ತವರ, ಅರಗು ಹೊಯ್ಯಬೇಕು, ನುಡಿದರೆ ನಾಲಿಗೆ ಕತ್ತರಿಸಬೇಕು ಎಂದಿತು ಗೌತಮ ಧರ್ಮಸೂತ್ರ. ಶೂದ್ರನ ಗತಿಯೇ ಇದಾದರೆ ಊರಾಚೆ ಇದ್ದವರ ಮಾತೇನು?

ಕರೆ ನಮ್ಮ ಮಣ್ಣಿನ ಮಾತು. ಹಾಲು ಕರೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳಗನ್ನಡದಲ್ಲಿ ಅದು 'ಕಱೆ', ಬೇರೆಯೇ ಅಕ್ಷರ. ಆ ಅಕ್ಷರ ಬಿದ್ದುಹೋದ ಮೇಲೆ ಎರಡೂ ಒಂದಾಗಿ ಕಾಣುತ್ತಿವೆ. ಕೂಗುವ ಕರೆಯ ಒಡಹುಟ್ಟುಗಳು ತಮಿಳು, ಮಲಯಾಳದಲ್ಲಿವೆ. ತಮಿಳಿನ 'ಕರೈ'ಗೆ ಕರೆಯುವುದು, ಅಳುವುದು ಎರಡೂ ಅರ್ಥವಿದೆ. ಮಲಯಾಳದ 'ಕರಯುಗ' ಎಂದರೆ ಬರೀ ಅಳುವುದು. ನಮ್ಮ ಅವ್ವಂದಿರು 'ಅತ್ತು ಕರೆದು' ಅನ್ನುವಾಗ ಆ ಹಳೆಯ ನಂಟು ಇನ್ನೂ ಉಸಿರಾಡುತ್ತಿದೆ.

ಕರೆ ಎಂದರೆ ಹೆಸರಿಡುವುದೂ ಹೌದು. ಅಲ್ಲಿಗೂ ಮನು ಕೈಹಾಕಿದ. ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಶೂದ್ರ ಮೇಲಿನವರ ಹೆಸರು, ಜಾತಿ ಎತ್ತಿ ಹಳಿದರೆ ಹತ್ತು ಅಂಗುಲದ ಕಾದ ಕಬ್ಬಿಣದ ಮೊಳೆಯನ್ನು ಬಾಯಿಗೆ ತುರುಕಿ ಎಂದು ಎಂಟನೆಯ ಅಧ್ಯಾಯ ವಿಧಿಸುತ್ತದೆ. ಮೇಲಿನಿಂದ ಕೆಳಕ್ಕೆ ಹೇಗೆ ಬೇಕಾದರೂ ಕರೆಯಬಹುದು. ಕೆಳಗಿನಿಂದ ಮೇಲಕ್ಕೆ ಬಾಯೆತ್ತುವ ಹಾಗಿಲ್ಲ.

ಹಾಗಾದರೆ ನಮ್ಮವರ ಬಾಯಿಗೆ ಉಳಿದ ಕೂಗು ಯಾವುದು? 'ಸಂಬೋಳಿ'. ಬೀದಿಗೆ ಬರುವಾಗ ಅಸ್ಪೃಶ್ಯ ಹೀಗೆ ಕೂಗಿಕೊಂಡು ಬರಬೇಕಿತ್ತು. ಇದು ಯಾರನ್ನೂ ಹತ್ತಿರ ಕರೆಯುವ ಕೂಗಲ್ಲ, ನಾನು ಬರ್ತಿದೀನಿ, ದೂರ ಹೋಗಿ ಅಂತ ತನ್ನ ಬಾಯಿಂದಲೇ ಸಾರುವ ಕೂಗು. ಹನ್ನೆರಡನೆಯ ಶತಮಾನದ ಶರಣ ನಾಗಿದೇವನ ಹೆಸರಿಗೇ ಇದು ಅಂಟಿಕೊಂಡಿತು. ಅವನು ಸಂಬೋಳಿ ನಾಗಿದೇವ. ಅವನ ಮನೆಗೆ ಬಸವಣ್ಣ ಹೋದದ್ದಕ್ಕೆ ಬಿಜ್ಜಳನ ತನಕ ದೂರು ಹೋಯಿತೆಂದು ವೀರಶೈವ ಪುರಾಣಗಳು ಹೇಳುತ್ತವೆ. ಊರಿನ ತೋಟಿ, ಕುಳವಾಡಿಗಳ ಪಾಡೂ ಇದೇ. ತಮಟೆ ಬಡಿದು ಊರನ್ನೆಲ್ಲ ಕರೆದವನು ಅವನು, ಸಾವಿನ ಸುದ್ದಿ ಹೊತ್ತು ಹರದಾರಿಗಟ್ಟಲೆ ನಡೆದವನು ಅವನು. ಉಣ್ಣೋ ಪಂಕ್ತಿಗೆ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ.

ಆದರೂ ನಮ್ಮವರು ಕರೆಯುವುದನ್ನು ಬಿಡಲಿಲ್ಲ. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ತಮ್ಮ ಗುರುವನ್ನು ಆಡುಮಾತಿನಲ್ಲೇ ಕರೆಯುತ್ತಾರೆ. ನಡುವೆ ಪುರೋಹಿತನಿಲ್ಲ, ಸಂಸ್ಕೃತವಿಲ್ಲ. ಹಾಗಂತ ನಮ್ಮ ಕರೆಯೆಲ್ಲ ಬಿಡುಗಡೆಯ ಕರೆ ಅಂದುಕೊಳ್ಳುವುದು ಬೇಡ. 'ಉಧೋ ಉಧೋ' ಎಂದು ಎಲ್ಲಮ್ಮನನ್ನು ಕರೆಯುತ್ತಲೇ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಅದನ್ನು ನಿಷೇಧಿಸಲು 1982ರಲ್ಲಿ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು. ಕೂಗು ನಮ್ಮದಾದರೆ ಸಾಲದು, ಅದರ ಲಾಭ ಯಾರಿಗೆ ಅಂತಲೂ ಕೇಳಬೇಕು.

ಈ ಕ್ರಿಯಾಪದದ ದಿಕ್ಕು ತಿರುಗಿದ್ದು ಮಹಾಡ್‌ನಲ್ಲಿ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಲಿ ಎಂದು 1923ರಲ್ಲಿ ಮುಂಬಯಿ ಶಾಸನಸಭೆ ಠರಾವು ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆ ಅದನ್ನು ಒಪ್ಪಿತ್ತು. ಕಾಗದ ಕರೆದಿತ್ತು, ಊರು ಕರೆದಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಚವದಾರ್ ಕೆರೆಯ ನೀರು ಕುಡಿದರು. ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಬಾಯಿಗೆ ಮೊಳೆ ತುರುಕಿ ಎಂದ ಪುಸ್ತಕ ಬೆಂಕಿಗೆ ಬಿತ್ತು. ದೇವರನ್ನಲ್ಲ, ಪರಸ್ಪರರನ್ನು ಕರೆದ ಜನ ಅವರು. ಚಳವಳಿಯಲ್ಲಿ ನಾವು 'ಕರೆ ಕೊಡು' ಅನ್ನುವುದು ಈ ಅರ್ಥದಲ್ಲಿ. ಅದರಲ್ಲಿ ಬಾ ಎನ್ನುವುದಿದೆ, ದೂರ ಹೋಗು ಎನ್ನುವುದಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ದಿನಾ ಬೆಳಿಗ್ಗೆ ನೀವು ಹಾಜರಿ ಕರೆಯುತ್ತೀರಿ. ಕೇರಿಯ ಮಗುವನ್ನು ಅಡ್ಡಹೆಸರಿನಿಂದಲ್ಲ, ಜಾತಿಯಿಂದಲ್ಲ, ಅವ್ವ ಅಪ್ಪ ಇಟ್ಟ ಪೂರ್ತಿ ಹೆಸರಿನಿಂದ ಕರೆಯಿರಿ. ಆ ಮಗು ಎದ್ದು ನಿಂತು ಗಟ್ಟಿಯಾಗಿ ಉತ್ತರ ಕೊಡಲಿ.