ಅಟ್ಟುವ ನಾಯಿ, ಕಾಯುವ ನಾಯಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಪಶುಪಾಲನೆಯ ಹಿನ್ನೆಲೆಯಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂಲತಃ ಕುರಿಯ ಸೀಮೆಯಲ್ಲ. ಬಹುಭಾಗದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಮೈಯ ಉಣ್ಣೆ ಒಣಗುವುದಿಲ್ಲ. ಇಲ್ಲಿನ ಕೊಟ್ಟಿಗೆಯಲ್ಲಿ ಕಾಣುವುದು ಮಲೆನಾಡು ಗಿಡ್ಡ ಮತ್ತು ಎಮ್ಮೆ. ಅಡಿಕೆ ತೋಟಕ್ಕೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟದಲ್ಲಿ ದನ ಮೇದು ಸಂಜೆ ಮನೆಗೆ ಮರಳುತ್ತದೆ. ಯಲ್ಲಾಪುರದ ಕಡೆ ಗೌಳಿಗಳು ಎಮ್ಮೆ ಸಾಕುತ್ತಾರೆ. ಇವರು ಸೇರುವ ಧನಗರ ಗೌಳಿ ಸಮುದಾಯದ ಪರಿಸರ ಸಂಬಂಧವನ್ನು ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ 1982ರಷ್ಟು ಹಿಂದೆಯೇ ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ಕುರಿ ಬರುವುದು ಭತ್ತದ ಕೊಯ್ಲು ಮುಗಿದ ಮೇಲೆ, ಬಯಲುಸೀಮೆಯ ಕುರುಬರೊಂದಿಗೆ, ಪೂರ್ವದ ಅಂಚಿನ ಗದ್ದೆಗಳಿಗೆ.

ಈ ಮೂರೂ ಬಗೆಯ ಪಾಲನೆಯಲ್ಲಿ ನಾಯಿ ಇದೆ, ಆದರೆ ಹಿಂಡನ್ನು ಅಟ್ಟುವ ನಾಯಿ ಇಲ್ಲ. ಅಟ್ಟುವ, ತಿರುಗಿಸುವ, ಒಟ್ಟುಗೂಡಿಸುವ ಕೆಲಸವೆಲ್ಲ ಮನುಷ್ಯನ ಕೂಗು, ಸಿಳ್ಳು, ಕೋಲಿನದು; ಮುಂದೆ ನಡೆಯುವ ಹಳೆಯ ಆಡಿನದು. ನಾಯಿಗೆ ಉಳಿದಿರುವುದು ಕಾವಲು ಒಂದೇ. ಬ್ರಿಟನ್ನಿನ ಅಟ್ಟುವ ನಾಯಿ ಬಾರ್ಡರ್ ಕೋಲಿ ಮತ್ತು ಟರ್ಕಿಯ ಕಾಯುವ ನಾಯಿ ಕಂಗಾಲ್ ಒಂದೇ ಫಾರ್ಮಿನಲ್ಲಿ ಕೆಲಸ ಹಂಚಿಕೊಂಡಿರುವುದನ್ನು ನೋಡಿ, ನಮ್ಮಲ್ಲೂ ಅಂಥ ಜೋಡಿಯನ್ನು ತರಬೇಕೆನ್ನುವವರು ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

ಗದ್ದೆಯಲ್ಲಿ ಕುರಿ ತರುಬಿದ ರಾತ್ರಿ ಕಾವಲಿನ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ. ಕುರಿಗಳು ಬಲೆಯ ಒಳಗೆ, ಮರಿಗಳು ಬೇರೆಯಾಗಿ, ಕುರಿಗಾರ ಕಂಬಳಿ ಹೊದ್ದು ಬದುವಿನ ಮೇಲೆ. ನಾಯಿ ಬಲೆಯ ಹೊರಗೆ ಮಲಗಿರುತ್ತದೆ. ಅಪರಿಚಿತ ಹೆಜ್ಜೆ ಕೇಳಿದರೆ ಬೊಗಳುತ್ತ ನಾಲ್ಕು ಮಾರು ಮುಂದೆ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಬಲೆಯ ಹತ್ತಿರಕ್ಕೇ ಬರುತ್ತದೆ. ಬೆನ್ನಟ್ಟಿ ದೂರ ಹೋಗುವ ನಾಯಿಯನ್ನು ಕುರಿಗಾರ ಮೆಚ್ಚುವುದಿಲ್ಲ. ಅದು ಅತ್ತ ಹೋದಾಗ ಇತ್ತ ಹಿಂಡು ಬಯಲಾಗುತ್ತದೆ.

ಈ ಗುಣ ಎಲ್ಲಿಂದ ಬರುತ್ತದೆ? ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಕೋಪಿಂಜರ್ ಮತ್ತು ಲೋರ್ನಾ ಕೋಪಿಂಜರ್ 1970ರ ದಶಕದಲ್ಲಿ ಶುರುಮಾಡಿದ ಕೆಲಸ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ಬೇಟೆಯ ಪ್ರಾಣಿ ನೋಡುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಅಟ್ಟುವ ತಳಿಗಳಲ್ಲಿ ಈ ಸರಣಿಯ ಮೊದಲರ್ಧ ಹರಿತವಾಗಿ ಉಳಿದಿದೆ. ಕಾಯುವ ತಳಿಗಳಲ್ಲಿ ಸರಣಿಯೇ ಮಂಕಾಗಿದೆ. ಜೊತೆಗೆ, ಹುಟ್ಟಿದ ಮೂರನೆಯ ವಾರದಿಂದ ಮೂರು ನಾಲ್ಕು ತಿಂಗಳವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರೇ ಅದರ ಬಳಗ. ಡಾರ್ವಿನ್ 1833ರಲ್ಲಿ ಇಂದಿನ ಉರುಗ್ವೆಯಲ್ಲಿ ಇದನ್ನೇ ಕಂಡಿದ್ದ: ನಾಯಿಮರಿಯನ್ನು ತಾಯಿಯಿಂದ ಬೇಗ ಬಿಡಿಸಿ, ಕುರಿಯ ಮೊಲೆ ಉಣಿಸಿ, ದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡಿ ಬೆಳೆಸುತ್ತಿದ್ದರು. ನಮ್ಮ ಕುರಿಗಾರರ ನಾಯಿಮರಿಗಳೂ ಕುರಿಮರಿಗಳ ಮಗ್ಗುಲಲ್ಲೇ ಬೆಳೆಯುತ್ತವೆ. ಆ ವಿದ್ಯೆಗೆ ನಾವು ಕೊಡಬೇಕಾದ ಗೌರವ ಕೊಟ್ಟಿಲ್ಲವೆಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಎರಡೂ ಬಗೆಯ ನಾಯಿಗಳನ್ನು ಒಂದೇ ಕಡೆ ಸಾಕುವವರು ಮರಿಗಳನ್ನು ಒಟ್ಟಿಗೆ ಆಡಿಸಿ ಬೆಳೆಸಬಾರದು. ಕಾಯುವ ಮರಿ ದೊಡ್ಡಿಯಲ್ಲಿ, ಅಟ್ಟುವ ಮರಿ ಮನುಷ್ಯನ ಬಳಿ. ಇಲ್ಲವಾದರೆ ಕಾಯುವ ಮರಿ ಓಟದ ಆಟ ಕಲಿತು ಕುರಿಗಳನ್ನು ಬೆದರಿಸುತ್ತದೆ. ಬೆಳೆದ ಕಾವಲು ನಾಯಿಯೂ ಹಿಂಡನ್ನು ಅಟ್ಟುವ ನಾಯಿಯನ್ನು ಶತ್ರುವೆಂದೇ ತಿಳಿದು ಎರಗಬಹುದು. ಎರಡಕ್ಕೂ ಮೊದಲೇ ಪರಿಚಯವಿರಬೇಕು, ಅಟ್ಟುವ ಹೊತ್ತಿಗೆ ಒಡೆಯ ಅಲ್ಲೇ ಇರಬೇಕು. ಮುಧೋಳ ನಾಯಿಯನ್ನು ಕಾವಲಿನ ಕೆಲಸಕ್ಕೆ ಸೂಚಿಸುವವರಿದ್ದಾರೆ. ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆನಾಯಿ. ಮೊಲ, ಕಾಡುಕುರಿ ಸುಳಿದಾಡುವ ಬೆಟ್ಟದಲ್ಲಿ ಅದನ್ನು ಬಿಟ್ಟರೆ ಕಾಡಿಗೂ ಕೇಡು, ಹಿಂಡಿಗೂ ಕಾವಲಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಕಠಿಣ ಸಂಗತಿ ಇದೆ. ಬಯಲುಸೀಮೆಯ ಕಾವಲು ನಾಯಿಯ ಎದುರಾಳಿ ತೋಳ, ಇಲ್ಲಿ ಚಿರತೆ. ತೋಳ ಗದ್ದಲಕ್ಕೆ ಹಿಂಜರಿಯಬಹುದು, ಚಿರತೆಗೆ ನಾಯಿಯೇ ಆಹಾರ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿರತೆ ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಯೇ ಆಗಿತ್ತು. ಅಕೋಲೆ ಕಬ್ಬಿನ ಬಯಲು, ನಮ್ಮದು ಕಾಡು; ಆ ಪ್ರಮಾಣವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಒಂಟಿ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕುವುದು ಚಿರತೆಯನ್ನು ಕರೆದಂತೆಯೇ. ಇಲ್ಲಿ ರಾತ್ರಿಯ ರಕ್ಷಣೆ ಎಂದರೆ ಮೊದಲು ಗಟ್ಟಿ ಮಾಡು, ಗಟ್ಟಿ ಬಾಗಿಲಿನ ದೊಡ್ಡಿ. ನಾಯಿ ಎಚ್ಚರಿಸುವುದಕ್ಕೆ, ಅದೂ ಎರಡು ಮೂರು ಒಟ್ಟಿಗೆ. ಹಗಲು ಬೆಟ್ಟದಿಂದ ಬಂದ ನಾಯಿಯ ಕಿವಿ, ಕಂಕುಳು ತಡವಿ ಉಣುಗು ತೆಗೆಯುವುದು ಸಿದ್ದಾಪುರದಂಥ, ಮಂಗನ ಕಾಯಿಲೆ ಮರುಕಳಿಸುವ ತಾಲ್ಲೂಕಿನಲ್ಲಿ ಮನೆಯವರ ಆರೋಗ್ಯಕ್ಕೂ ಸಂಬಂಧಿಸಿದ್ದು. ರೇಬೀಸ್, ಡಿಸ್ಟೆಂಪರ್ ಲಸಿಕೆ ತಪ್ಪಿದರೆ ರೋಗ ಕಾಡಿನ ಸೀಳುನಾಯಿಗೂ ಹಬ್ಬೀತು.

ಮುಧೋಳ ನಾಯಿಗೆ ತಳಿಯೆಂಬ ಮನ್ನಣೆ ಸಿಕ್ಕಿ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಗಂಗರ ಕಾಲದ ಆತಕೂರು ಶಾಸನದಲ್ಲಿ ಹಂದಿಯೊಡನೆ ಕಾದಿದ ಕಾಳಿ ಎಂಬ ನಾಯಿಗೆ ಕಲ್ಲೇ ನಿಂತಿದೆ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿ ಉಣ್ಣುವ ಸೇವೆಯಲ್ಲಿ ಕುರುಬರ ನಾಯಿಯ ನೆನಪೂ ಇದೆಯೆಂದು ನಾನು ಓದುತ್ತೇನೆ. ಆದರೆ ಹಿಂಡು ಕಾಯುವ, ಹೆಸರಿಲ್ಲದ ನಾಯಿಯ ಮೈಕಟ್ಟು, ಸ್ವಭಾವ, ಮರಿ ಬೆಳೆಸುವ ಕ್ರಮವನ್ನು ಪಶುವೈದ್ಯ ವಿಶ್ವವಿದ್ಯಾಲಯ ಕುರಿಗಾರರ ಬಿಡಾರಗಳಲ್ಲೇ ಕುಳಿತು ದಾಖಲಿಸಬೇಕು. ಹೊರಗಿನ ತಳಿ ತರಿಸುವ ಮಾತು ಆ ದಾಖಲೆ ಕೈಗೆ ಬಂದ ಮೇಲಿನದು.