ಪನೀನಿ: ಒಂದೋ, ಹಲವೋ?

‘ಪನೀನಿ’ ಎಂದೊಡನೆ ನಿಮಗೆ ಅಷ್ಟಾಧ್ಯಾಯಿಯ ಪಾಣಿನಿ ನೆನಪಾಗಬಹುದು. ಇಟಲಿಯ ಈ ತಿಂಡಿಗೂ ಆ ವ್ಯಾಕರಣಕಾರನಿಗೂ ಯಾವ ನಂಟೂ ಇಲ್ಲ. ಆದರೂ ಈ ಪದದ ಚರಿತ್ರೆಯಲ್ಲಿ ವ್ಯಾಕರಣದ್ದೇ ಒಂದು ಸ್ವಾರಸ್ಯವಿದೆ.

ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿಗೆ ‘ಪಾನಿಸ್’ ಎನ್ನುತ್ತಿದ್ದರು. ಇಟಾಲಿಯನ್‌ನಲ್ಲಿ ಅದು ‘ಪಾನೆ’ ಆಯಿತು. ಚಿಕ್ಕದು ಎಂಬರ್ಥದ ‘ಇನೋ’ ಪ್ರತ್ಯಯ ಸೇರಿ ‘ಪನೀನೋ’, ಅಂದರೆ ಪುಟ್ಟ ಬ್ರೆಡ್ಡು. ಹೂರಣವಿಟ್ಟ ಬ್ರೆಡ್ಡಿಗೂ ಅದೇ ಹೆಸರು. ಅದರ ಬಹುವಚನವೇ ‘ಪನೀನಿ’. (ಅದೇ ಲ್ಯಾಟಿನ್ ಪದ ಪೋರ್ಚುಗೀಸರ ಮೂಲಕ ನಮ್ಮಲ್ಲಿಗೂ ಬಂದಿದೆ. ಪಾವ್‌ಭಾಜಿಯ ‘ಪಾವ್’ ಪನೀನಿಯ ದಾಯಾದಿ!)

ಅಮೆರಿಕದ ಇಂಗ್ಲಿಷ್ ಬರಹಗಳಲ್ಲಿ ಈ ಪದ 1950ರ ದಶಕದಲ್ಲಿಯೇ ಕಾಣಿಸಿಕೊಂಡಿತು. 1970-80ರ ದಶಕಗಳಲ್ಲಿ ಮಿಲಾನ್ ನಗರದ ‘ಪನೀನೋತೆಕಾ’ ಎಂಬ ಅಂಗಡಿಗಳು ಯುವಜನರನ್ನು ಸೆಳೆದವು. ನಂತರ ತಿಂಡಿಯೊಡನೆ ಪದವೂ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತು. ಹಾಗೆ ಬಂದಾಗ ಎರಡು ಬದಲಾವಣೆಗಳಾದವು. ಇಟಲಿಯಲ್ಲಿ ಬಿಸಿಯಾಗಿದ್ದರೂ ತಣ್ಣಗಿದ್ದರೂ ಅದು ಪನೀನೋ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕಾದ ಕಬ್ಬಿಣದ ಫಲಕಗಳ ನಡುವೆ ಒತ್ತಿ, ಗೆರೆ ಮೂಡುವಂತೆ ಸುಟ್ಟದ್ದು ಮಾತ್ರ. ಇನ್ನೊಂದು, ಬಹುವಚನವೇ ಏಕವಚನವಾಗಿ ‘ಎ ಪನೀನಿ’ ಎಂಬ ಪ್ರಯೋಗ ಬಂದು, ಅದಕ್ಕೆ ‘ಪನೀನಿಸ್’ ಎಂಬ ಹೊಸ ಬಹುವಚನವೂ ಹುಟ್ಟಿತು. ನಿಘಂಟುಗಳು ಎರಡನ್ನೂ ಒಪ್ಪಿವೆ.

ಇದಕ್ಕೆ ಕಾರಣವೇನು? ಇಂಗ್ಲಿಷ್ ಕಿವಿಗೆ ಬಹುವಚನದ ಗುರುತು ‘ಸ್’. ಕೊನೆಯ ‘ಇ’ಕಾರ ಅದಕ್ಕೆ ಏನನ್ನೂ ಹೇಳುವುದಿಲ್ಲ. ‘ಅಜೆಂಡಾ’ ಕೂಡ ಲ್ಯಾಟಿನ್ ಬಹುವಚನವೇ. ಈಗ ‘ಅಜೆಂಡಾಸ್’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇದರ ವಿಲೋಮವೂ ಉಂಟು. ಬಟಾಣಿಗೆ ಹಿಂದೆ ಇಂಗ್ಲಿಷಿನಲ್ಲಿ ಇದ್ದ ಏಕವಚನ ‘ಪೀಸ್’. ಅದರ ಕೊನೆಯ ಧ್ವನಿಯನ್ನು ಬಹುವಚನದ ಗುರುತೆಂದು ಭಾವಿಸಿದ ಜನ, ಅದನ್ನು ಕಿತ್ತು ‘ಪೀ’ ಎಂಬ ಹೊಸ ಏಕವಚನವನ್ನೇ ಮಾಡಿಕೊಂಡರು.

ಈಗ ನಿಮ್ಮ ತರಗತಿಗೆ ಬನ್ನಿ. ‘ಬ್ಯಾಕ್ಟೀರಿಯಂ’ ಏಕವಚನ, ‘ಬ್ಯಾಕ್ಟೀರಿಯಾ’ ಬಹುವಚನ. ಮೂಲ ಗ್ರೀಕ್ ಪದಕ್ಕೆ ಚಿಕ್ಕ ಕೋಲು ಎಂದರ್ಥ. ಪನೀನೋದಂತೆ ಇದೂ ಒಂದು ‘ಪುಟ್ಟ’ ಪದ. ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ‘ಎ ಬ್ಯಾಕ್ಟೀರಿಯಾ’ ಎಂದು ಬರೆದರೆ ತಿದ್ದಬೇಕೇ? ತಿದ್ದಬೇಕೆಂದೇ ನನ್ನ ಅಭಿಪ್ರಾಯ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗುವುದನ್ನು ವಿವರಿಸುವ ವಿಜ್ಞಾನಕ್ಕೆ ಒಂದು-ಹಲವುಗಳ ವ್ಯತ್ಯಾಸ ಬೇಕು. ‘ಡೇಟಾ’ ಪದದ ಸಂಗತಿ ಬೇರೆ. ಗಣಕದ ಬಳಕೆಯಲ್ಲಿ ಅದು ನೀರು, ಮರಳುಗಳಂತೆ ರಾಶಿವಾಚಕವಾಗಿಬಿಟ್ಟಿದೆ. ‘ಡೇಟಂ’ ಎಂದು ಹಟ ಹಿಡಿದು ಪ್ರಯೋಜನವಿಲ್ಲ.

ಆದರೆ ಅದೇ ವಿದ್ಯಾರ್ಥಿ ಕನ್ನಡದಲ್ಲಿ ‘ಬ್ಯಾಕ್ಟೀರಿಯಾಗಳು’ ಎಂದು ಬರೆದಾಗ ಬಹುವಚನಕ್ಕೆ ಬಹುವಚನವೆಂದು ಕೆಂಪು ಗೆರೆ ಎಳೆಯಬೇಡಿ. ಕನ್ನಡದಲ್ಲಿ ಬಹುವಚನ ಸೂಚಿಸುವುದು ‘ಗಳು’ ಪ್ರತ್ಯಯವೇ ಹೊರತು ಲ್ಯಾಟಿನ್ನಿನ ‘ಆ’ಕಾರವಲ್ಲ. ಇಟಲಿಯವರು ತಮಗೆ ಬಂದ ಇಂಗ್ಲಿಷ್ ಪದಗಳನ್ನು ನಡೆಸಿಕೊಳ್ಳುವುದೂ ಹೀಗೆಯೇ. ಅವರಲ್ಲಿ ಒಂದು ಸಿನಿಮಾ ‘ಉನ್ ಫಿಲ್ಮ್’, ಎರಡು ಸಿನಿಮಾ ‘ದುಎ ಫಿಲ್ಮ್’. ಇಂಗ್ಲಿಷಿನ ‘ಸ್’ ಅಲ್ಲಿ ಬಿದ್ದೇಹೋಗುತ್ತದೆ.