ಸಾರಂಗಿ

ಕಮಾನಿನಿಂದ ನುಡಿಸುವ ತಂತಿವಾದ್ಯ. ಹಿಂದೂಸ್ತಾನಿ ಸಂಗೀತದಲ್ಲಿ ಬಹುಕಾಲ ಗಾಯಕರ ಬೆನ್ನಹಿಂದೆ ಕೂತಿದ್ದ ಇದು ವೇದಿಕೆಯ ನಡುವಿಗೆ ಬಂದದ್ದು ಮುಖ್ಯವಾಗಿ ಮುಂಬಯಿಯಲ್ಲಿ. ಅದನ್ನು ಸಾಧಿಸಿದ ಪಂಡಿತ್ ರಾಮನಾರಾಯಣ್ (1927–2024) ಬಾಂದ್ರಾದಲ್ಲಿ ನೆಲೆಸಿದ್ದರು. 2024ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು.

ಸುಮಾರು ಎರಡು ಅಡಿ ಉದ್ದದ ಒಂದೇ ಮರದ ತುಂಡನ್ನು, ಸಾಮಾನ್ಯವಾಗಿ ತುನ್ ಮರವನ್ನು, ಕೈಯಿಂದ ಕೊರೆದು ಟೊಳ್ಳು ಮಾಡಿ, ಹೊಟ್ಟೆಯ ಮೇಲೆ ಆಡಿನ ಚರ್ಮ ಬಿಗಿಯುತ್ತಾರೆ. ಮುಖ್ಯ ತಂತಿಗಳು ಮೂರು, ಕರುಳಿನವು. ಅವುಗಳ ಕೆಳಗೆ ಮೂವತ್ತಕ್ಕೂ ಹೆಚ್ಚು ಲೋಹದ ‘ತರಬ್’ ತಂತಿಗಳು. ಮೇಲಿನ ಸ್ವರ ಮುಟ್ಟಿದೊಡನೆ ಇವು ತಾವಾಗಿಯೇ ಮಿಡಿಯುತ್ತವೆ. ಕಮಾನಿಗೆ ಕುದುರೆಬಾಲದ ಕೂದಲು. ಎಡಗೈ ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ತಾಗಿಸಿ ಜಾರಿಸಬೇಕು. ಸಾರಂಗಿಯ ಸ್ವರ ಗಂಟಲಿನಂತೆ ಹರಿಯುತ್ತದೆ. ಹಾಡಿಕೆಗೆ ಇದರಷ್ಟು ಹತ್ತಿರದ ವಾದ್ಯ ಇನ್ನೊಂದಿಲ್ಲ.

ಆ ಸಾಮೀಪ್ಯವೇ ಅದಕ್ಕೆ ಮುಳುವಾಯಿತು. 19ನೆಯ ಶತಮಾನದಲ್ಲಿ ಅದು ವೃತ್ತಿಪರ ಗಾಯಕಿ-ನರ್ತಕಿಯರಾದ ತವಾಯಫರ ಹಾಡು, ಕುಣಿತಗಳ ಸಂಗಾತಿ. ಸಮಾಜ ಅವರನ್ನು ಕೀಳಾಗಿ ಕಂಡಾಗ ವಾದ್ಯಕ್ಕೂ ಕಳಂಕ ಮೆತ್ತಿಕೊಂಡಿತು. ಕಲಿಯಲು ಸುಲಭವಾದ ಹಾರ್ಮೋನಿಯಂ ಅದರ ಜಾಗವನ್ನು ಕಸಿಯುತ್ತ ಬಂತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿದಾಗ ರೇಡಿಯೋ ಕೇಂದ್ರಗಳಲ್ಲಾದರೂ ಆ ಪೈಪೋಟಿ ತಪ್ಪಿತು.

ರಾಮನಾರಾಯಣ್ ಉದಯಪುರದ ಕಡೆಯವರು. ದಿಲ್‌ರುಬಾ ನುಡಿಸುತ್ತಿದ್ದ ತಂದೆಯೇ, ಈ ಕಳಂಕ ನೆನೆದು, ಮಗ ಸಾರಂಗಿ ಹಿಡಿಯುವುದಕ್ಕೆ ಮೊದಲು ಹಿಂಜರಿದಿದ್ದರು. 1944ರಲ್ಲಿ ಲಾಹೋರ್ ಆಕಾಶವಾಣಿ ಸೇರಿದ ರಾಮನಾರಾಯಣ್ ಅಲ್ಲಿ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ವಹೀದ್ ಖಾನರಲ್ಲಿ ಪಾಠ ಹೇಳಿಸಿಕೊಂಡರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಂದಾಗಿ ಕನ್ನಡಿಗರ ಮನೆಮಾತಾದ ಈ ಘರಾಣೆಯ ಬೇರಿನಲ್ಲೇ ಸಾರಂಗಿ ಇದೆ: ಅದನ್ನು ಕಟ್ಟಿದ ಅಬ್ದುಲ್ ಕರೀಮ್ ಖಾನರ ಮನೆತನ ಸಾರಂಗಿ ವಾದಕರದು. ಒಂದೊಂದೇ ಸ್ವರವನ್ನು ಎಳೆದು ನಿಲ್ಲಿಸುವ ಧಾರವಾಡ ಸೀಮೆಯ ಆಲಾಪ ಕೇಳುವಾಗ ಸಾರಂಗಿಯ ಕಮಾನು ನೆನಪಾಗುವುದು ಸಹಜವೇ.

ದೇಶವಿಭಜನೆಯ ನಂತರ ರಾಮನಾರಾಯಣರ ನೆಲೆ ದೆಹಲಿ, 1949ರಲ್ಲಿ ಮುಂಬಯಿ. ಹೊಟ್ಟೆಪಾಡಿಗೆ ಸಿನಿಮಾ ಸ್ಟುಡಿಯೋಗಳಿದ್ದವು. ‘ಮುಘಲ್-ಎ-ಆಜಮ್’ (1960) ಚಿತ್ರದಲ್ಲಿ ಅವರ ಸಾರಂಗಿಯಿದೆ. ಆದರೆ ಮನಸ್ಸು ಕಛೇರಿಯ ಕಡೆಗಿತ್ತು. 1954ರಲ್ಲಿ ಕಾವಸಜಿ ಜಹಾಂಗೀರ್ ಹಾಲ್‌ನಲ್ಲಿ ಒಬ್ಬರೇ ನುಡಿಸಲು ಕೂತರು. ಹೆಸರಾಂತ ಕಲಾವಿದರಿಗಾಗಿ ಕಾದಿದ್ದ ಸಭಿಕರಿಗೆ ತಾಳ್ಮೆಯಿರಲಿಲ್ಲ. ಕಛೇರಿ ಅರ್ಧಕ್ಕೇ ನಿಂತಿತು. 1956ರಲ್ಲಿ ಅದೇ ನಗರ ಅವರ ಏಕವ್ಯಕ್ತಿ ವಾದನವನ್ನು ಒಪ್ಪಿಕೊಂಡಿತು. 1964ರಲ್ಲಿ ಅಣ್ಣ, ತಬಲಾ ವಾದಕ ಚತುರ್‌ಲಾಲರ ಜೊತೆ ಅವರು ವಿದೇಶ ಪ್ರವಾಸ ಹೊರಟರು. 2005ರಲ್ಲಿ ಪದ್ಮವಿಭೂಷಣ ಬಂತು.

ಮಗ ಬ್ರಿಜ್ ನಾರಾಯಣ್ ಸರೋದ್ ಹಿಡಿದರು. ಗಂಡಸರದೇ ಎನಿಸಿಕೊಂಡಿದ್ದ ಸಾರಂಗಿಯನ್ನು ಮಗಳು ಅರುಣಾ ನಾರಾಯಣ್ ತಂದೆಯಿಂದ ಕಲಿತು ವೇದಿಕೆಗೆ ತಂದರು. ಮೊಮ್ಮಗ ಹರ್ಷ್ ನಾರಾಯಣ್ ಕೂಡ ಸಾರಂಗಿ ವಾದಕರೇ.